ಬಾರದವರ ಜಾಗದಲ್ಲಿ ನಿಂತು ಹಾಡಿದವಳು

ಹಾಡು ಕಟ್ಟುವವರು ಒಬ್ಬರು, ಹಾಡುವವರು ಇನ್ನೊಬ್ಬರು ಎಂಬುದು ನಮಗೇನೂ ಹೊಸತಲ್ಲ. ನಮ್ಮ ಸಿನಿಮಾ ಹಾಡುಗಳೆಲ್ಲ ಹುಟ್ಟಿದ್ದೇ ಹಾಗೆ. ಸಂಗೀತ ನಿರ್ದೇಶಕರು ರಾಗ ಹಾಕುತ್ತಾರೆ, ಇದಕ್ಕೆ ಎಸ್. ಜಾನಕಿಯವರ ಕಂಠವೇ ಸರಿ, ಅದಕ್ಕೆ ಪಿ. ಬಿ. ಶ್ರೀನಿವಾಸರೇ ಆಗಬೇಕು ಎಂದು ಆರಿಸುತ್ತಾರೆ, ಹಾಡುವವರು ಬಂದು ಹಾಡಿ ಹೋಗುತ್ತಾರೆ. ಇಂಗ್ಲೆಂಡಿನ ಹುಡುಗರ ಬ್ಯಾಂಡುಗಳ ಲೋಕದಲ್ಲಿ ಹಾಗಲ್ಲ. ಅಲ್ಲಿ ಹಾಡಿದವನ ಮುಖವೇ ಮುಖ, ಹೆಸರೇ ಹೆಸರು. ಹಿಂದೆ ಕುಳಿತು ಹಾಡನ್ನು ಕಟ್ಟಿದವನು ಯಾರೆಂದು ಕೊಳ್ಳುವವರು ಕೇಳುವುದಿಲ್ಲ. ಅಂಥ ಕಡೆ 1982ರ ಏಪ್ರಿಲ್ ತಿಂಗಳಲ್ಲಿ ಒಂದು ಎಲ್‌ಪಿ ಬಂತು. ಅದರ ಮೇಲೆ ಯಾವ ಗಾಯಕನ ಹೆಸರೂ ದೊಡ್ಡದಾಗಿರಲಿಲ್ಲ. ಬದಲಿಗೆ ಯಾವುದೋ ಸರ್ಕಾರಿ ನಿಗಮದಂತೆ ಕೇಳಿಸುವ ಒಂದು ಹೆಸರಿತ್ತು, ಬ್ರಿಟಿಷ್ ಎಲೆಕ್ಟ್ರಿಕ್ ಫೌಂಡೇಷನ್ ಎಂದು. ಎಲ್‌ಪಿಯ ಹೆಸರು ‘ಮ್ಯೂಸಿಕ್ ಆಫ್ ಕ್ವಾಲಿಟಿ ಅಂಡ್ ಡಿಸ್ಟಿಂಕ್ಷನ್, ವಾಲ್ಯೂಮ್ ಒನ್’. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳ ಡಿಸ್ಟಿಂಕ್ಷನ್ ಅಲ್ಲ ಬಿಡಿ, ‘ಉತ್ತಮ ಗುಣಮಟ್ಟದ, ಶ್ರೇಷ್ಠ ದರ್ಜೆಯ’ ಎಂದು ಚಹಾಪುಡಿಯ ಡಬ್ಬಿಯ ಮೇಲೆ ಅಚ್ಚು ಹಾಕುತ್ತಾರಲ್ಲ, ಆ ಧಾಟಿ. ಕಂಪನಿಗಳ ಜಂಬವನ್ನು ಅಣಕಿಸಲೆಂದೇ ಇಟ್ಟ ಹೆಸರು.

ಹತ್ತು ಹಾಡುಗಳು, ಎಲ್ಲವೂ ಹಳೆಯವೇ, ಬೇರೆಯವರು ಮೊದಲೇ ಹಾಡಿದ್ದವು. ಅವನ್ನು ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯಗಳ ಮೇಲೆ ಹೊಸದಾಗಿ ಕಟ್ಟಿ, ಎಂಟು ಜನರ ಕೈಲಿ ಹಾಡಿಸಿದ್ದರು. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು 25ನೆಯ ಸ್ಥಾನದವರೆಗೆ ಹೋಗಿ ಇಳಿಯಿತು. ವ್ಯಾಪಾರದ ಲೆಕ್ಕದಲ್ಲಿ ಅಂಥ ದೊಡ್ಡ ಸಂಗತಿಯೇನಲ್ಲ. ಆದರೆ ಅದರ ಮೊದಲನೆಯ ಹಾಡನ್ನು ಹಾಡಿದವಳು ನಲವತ್ತು ದಾಟಿದ ಒಬ್ಬ ಹೆಂಗಸು. ‘ಇವಳ ಕಾಲ ಮುಗಿಯಿತು’ ಎಂದು ಅಮೆರಿಕದ ರೆಕಾರ್ಡ್ ಕಂಪನಿಗಳು ಕೈಬಿಟ್ಟಿದ್ದ ಹೆಂಗಸು. ಅವಳ ಹೆಸರು ಟೀನಾ ಟರ್ನರ್.

ಟೀನಾ ಟರ್ನರಳ ಕಥೆಯನ್ನು ಹೇಳುವವರು ಸಾಮಾನ್ಯವಾಗಿ 1984ರಿಂದ ಹೇಳುತ್ತಾರೆ. ಆ ವರ್ಷ ಅವಳು ಜಗತ್ಪ್ರಸಿದ್ಧಳಾದಳು. ನನಗೆ ಮಾತ್ರ ಈ ಸಣ್ಣ ಕೆಲಸ, ಇನ್ನೊಬ್ಬರ ಎಲ್‌ಪಿಯಲ್ಲಿ ಅತಿಥಿಯಾಗಿ ಬಂದು ಒಂದೇ ಒಂದು ಹಾಡು ಹಾಡಿ ಹೋದ ಕೆಲಸ, ಹೆಚ್ಚು ಮುಖ್ಯವೆಂದು ತೋರುತ್ತದೆ.

ಮೊದಲು ಆ ಇಬ್ಬರು ಹುಡುಗರ ವಿಚಾರ. ಮಾರ್ಟಿನ್ ವೇರ್ ಮತ್ತು ಇಯಾನ್ ಕ್ರೇಗ್ ಮಾರ್ಷ್, ಇಬ್ಬರೂ 1956ರಲ್ಲಿ ಹುಟ್ಟಿದವರು, ಇಂಗ್ಲೆಂಡಿನ ಷೆಫೀಲ್ಡ್ ಊರಿನವರು. ಸಮಾಜ ಪಾಠ ಹೇಳುವ ನನ್ನಂಥವರಿಗೆ ಷೆಫೀಲ್ಡ್ ಎಂದರೆ ಚಾಕು, ಕತ್ತರಿ, ಉಕ್ಕು. ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಬರುವ ಊರು. ಇವರು ಬೆಳೆಯುವ ಹೊತ್ತಿಗೆ ಆ ಉಕ್ಕಿನ ಕಾರ್ಖಾನೆಗಳಿಗೆ ಕೆಟ್ಟ ದಿನ ಬಂದಿತ್ತು. 1980ರ ಆರಂಭದಲ್ಲಿ ದೇಶದ ಉಕ್ಕಿನ ಕಾರ್ಮಿಕರು ಹದಿಮೂರು ವಾರ ಮುಷ್ಕರ ಹೂಡಿದ್ದರು. ಇಬ್ಬರೂ ಕಂಪ್ಯೂಟರ್ ಆಪರೇಟರ್ ಕೆಲಸ ಮಾಡುತ್ತಿದ್ದರು. ಸಂಬಳದ ದುಡ್ಡಿನಲ್ಲಿ ಸಿಂಥಸೈಜರ್ ಕೊಂಡರು. ನೋಡಲು ಹಾರ್ಮೋನಿಯಂನಂತೆ ಮನೆಗಳಿರುವ, ತಂತಿಯೂ ತಿದಿಯೂ ಇಲ್ಲದೆ ವಿದ್ಯುತ್ತಿನಿಂದಲೇ ನಾದ ಹೊರಡಿಸುವ ಪೆಟ್ಟಿಗೆ. ಗಿಟಾರು, ಡ್ರಮ್ಮು ಏನೂ ಬೇಡ, ಇದೊಂದರಿಂದಲೇ ಸಂಗೀತ ಮಾಡುತ್ತೇವೆಂದು ಗೆಳೆಯರನ್ನು ಸೇರಿಸಿ ‘ದಿ ಹ್ಯೂಮನ್ ಲೀಗ್’ ಎಂಬ ತಂಡ ಕಟ್ಟಿದರು.

1980ರ ಅಕ್ಟೋಬರಿನಲ್ಲಿ ತಂಡ ಒಡೆಯಿತು. ಹೆಸರು ಯಾರಿಗೆ ಎಂಬ ಪ್ರಶ್ನೆ ಬಂತು. ಮನೆ ಪಾಲಾದಾಗ ದೇವರ ಪೆಟ್ಟಿಗೆ ಯಾರಿಗೆ ಎಂದು ಕೇಳುವ ಹಾಗೆ. ಹೆಸರು ಹಾಡುಗಾರ ಫಿಲಿಪ್ ಓಕಿಯ ಪಾಲಿಗೆ ಹೋಯಿತು; ಜೊತೆಗೆ ಸಾಲವೂ ಹೋಯಿತು. ಅವನು ಷೆಫೀಲ್ಡಿನ ಒಂದು ಡಾನ್ಸ್ ಕ್ಲಬ್ಬಿನಲ್ಲಿ ಕಂಡ ಇಬ್ಬರು ಶಾಲಾ ಹುಡುಗಿಯರನ್ನು, ಜೊವಾನ್ ಕ್ಯಾಥರಾಲ್ ಮತ್ತು ಸೂಸನ್ ಸಲ್ಲಿ ಎಂಬುವರನ್ನು, ತಂಡಕ್ಕೆ ಸೇರಿಸಿಕೊಂಡ. ಒಬ್ಬಳಿಗೆ ಹದಿನೆಂಟು, ಇನ್ನೊಬ್ಬಳಿಗೆ ಹದಿನೇಳು. 1981ರ ಡಿಸೆಂಬರಿನಲ್ಲಿ ಅವರ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಆ ಹುಡುಗಿಯರ ಶಾಲೆಯ ಅಧ್ಯಾಪಕಿಯರು ಆಗ ಏನೆಂದುಕೊಂಡರೋ ಎಂಬ ಕುತೂಹಲ ನನಗೆ ಈಗಲೂ ಇದೆ.

ಹೆಸರು ಬಿಟ್ಟುಕೊಟ್ಟು ಹೊರಬಂದ ವೇರ್ ಮತ್ತು ಮಾರ್ಷ್ ಕಟ್ಟಿದ್ದೇ ಬ್ರಿಟಿಷ್ ಎಲೆಕ್ಟ್ರಿಕ್ ಫೌಂಡೇಷನ್. ಅದೊಂದು ಬ್ಯಾಂಡ್ ಅಲ್ಲ, ಸಂಗೀತ ತಯಾರಿಸುವ ಸಂಸ್ಥೆ ಎಂದು ಅವರ ಯೋಜನೆ. ಗೆಳೆಯ ಗ್ಲೆನ್ ಗ್ರೆಗರಿಯನ್ನು ಹಾಡಲು ಕರೆದುಕೊಂಡು ‘ಹೆವನ್ ಸೆವೆಂಟೀನ್’ ಎಂಬ ತಂಡವನ್ನು ಅದರ ಒಂದು ಶಾಖೆಯಂತೆ ನಡೆಸಿದರು. ಇನ್ನೊಂದು ಶಾಖೆಯ ಕೆಲಸವೇ ಈ ಎಲ್‌ಪಿ. ಸಂಗೀತವನ್ನು ನಾವು ಸಿದ್ಧ ಮಾಡಿಡುತ್ತೇವೆ, ನಮಗೆ ಇಷ್ಟವಾದ ಕಂಠಗಳನ್ನು ಕರೆದು ಹಾಡಿಸುತ್ತೇವೆ ಎಂದರು. ಈಗ ನಮ್ಮೂರಿನ ಮಹಿಳಾ ಸಮಾಜಗಳಲ್ಲಿ ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಪೂರ್ತಿ ಯಂತ್ರದ್ದೇ ಎಂದಲ್ಲ, ಗಿಟಾರು ತುತ್ತೂರಿಗಳನ್ನು ನುಡಿಸಿದವರೂ ಇದ್ದರು. ಆದರೆ ಹಾಡಿನ ಬೆನ್ನೆಲುಬು ಮಾತ್ರ ಯಂತ್ರ.

ಮೊದಲನೆಯ ಹಾಡಿಗೆ ಅವರು ಆರಿಸಿದ್ದು ‘ಬಾಲ್ ಆಫ್ ಕನ್‌ಫ್ಯೂಷನ್’. 1970ರಲ್ಲಿ ಅಮೆರಿಕದ ದಿ ಟೆಂಪ್ಟೇಷನ್ಸ್ ಎಂಬ ತಂಡ ಹಾಡಿದ್ದು. ಯುದ್ಧ, ತೆರಿಗೆ, ಮಾದಕ ವಸ್ತು, ಬಣ್ಣದ ಭೇದ ಎಂದು ಜಗತ್ತಿನ ಗೊಂದಲಗಳನ್ನೆಲ್ಲ ಒಂದೇ ಉಸಿರಿನಲ್ಲಿ ಪಟ್ಟಿ ಮಾಡುವ ಹಾಡು. ಇದನ್ನು ಹಾಡಲು ಜೇಮ್ಸ್ ಬ್ರೌನ್ ಬರಬೇಕಾಗಿತ್ತು. ಕರಿಯರ ಸೋಲ್ ಸಂಗೀತದಲ್ಲಿ ಅವನದು ಬಹಳ ದೊಡ್ಡ ಹೆಸರು. ಕೊನೆಯಲ್ಲಿ ಕರಾರಿನದೇ ತಕರಾರಾಗಿ ಅವನು ಬರಲಿಲ್ಲ. ಆ ತೆರವಾದ ಜಾಗಕ್ಕೆ ಬಂದವಳು ಟೀನಾ.

ಇಲ್ಲಿ ಸ್ವಲ್ಪ ನಿಂತು ಅವಳ ಹಿಂದಿನದನ್ನು ಹೇಳಬೇಕು. ಇನ್ನೊಬ್ಬ ಗಂಡಸು ಬಾರದೆ ಅವಳು ಹಾಡುವಂತಾದದ್ದು ಇದು ಮೊದಲ ಸಲವೇನೂ ಆಗಿರಲಿಲ್ಲ.

ಅವಳು 1939ರ ನವೆಂಬರ್ 26ರಂದು ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ಹುಟ್ಟಿದಳು. ಬೆಳೆದದ್ದು ನಟ್‌ಬುಷ್ ಎಂಬ ಹತ್ತಿ ಬೆಳೆಯುವ ಹಳ್ಳಿಯಲ್ಲಿ. ಹೆತ್ತವರಿಟ್ಟ ಹೆಸರು ಆನಾ ಮೇ ಬುಲ್ಲಕ್. ಅವಳು ಚಿಕ್ಕವಳಿರುವಾಗಲೇ ತಾಯಿ ಮನೆ ಬಿಟ್ಟು ಹೋದಳು, ಆಮೇಲೆ ತಂದೆಯೂ ದೂರವಾದ, ಅಜ್ಜಿ ಸಾಕಿದಳು. ಹದಿಹರೆಯದಲ್ಲಿ ಸೇಂಟ್ ಲೂಯಿಸ್ ನಗರಕ್ಕೆ ಬಂದಾಗ ಅಲ್ಲಿನ ಕ್ಲಬ್ಬೊಂದರಲ್ಲಿ ಐಕ್ ಟರ್ನರ್ ಎಂಬುವನ ವಾದ್ಯಗೋಷ್ಠಿ ಕೇಳಿದಳು. ಬಿಡುವಿನ ವೇಳೆಯಲ್ಲಿ ಮೈಕು ಕೈಗೆ ಸಿಕ್ಕಿತು, ಹಾಡಿಯೇಬಿಟ್ಟಳು. ಐಕ್ ಅವಳನ್ನು ತನ್ನ ಗೋಷ್ಠಿಗೆ ಸೇರಿಸಿಕೊಂಡ.

1960ರಲ್ಲಿ ‘ಎ ಫೂಲ್ ಇನ್ ಲವ್’ ಎಂಬ ಹಾಡಿನ ರೆಕಾರ್ಡಿಂಗ್. ಐಕ್ ಅದನ್ನು ಆರ್ಟ್ ಲ್ಯಾಸಿಟರ್ ಎಂಬ ಗಾಯಕನಿಗಾಗಿ ಬರೆದಿದ್ದ. ಸ್ಟುಡಿಯೋಗೆ ದುಡ್ಡು ಕಟ್ಟಿಯಾಗಿದೆ, ಗಾಯಕ ಬರಲಿಲ್ಲ. ಸದ್ಯಕ್ಕೆ ನೀನು ಹಾಡಿರು, ಆಮೇಲೆ ನಿನ್ನ ಧ್ವನಿ ಅಳಿಸಿ ಅವನದನ್ನು ಸೇರಿಸುತ್ತೇನೆ ಎಂಬುದು ಏರ್ಪಾಡು. ಆ ಮುದ್ರಣವನ್ನು ಕೇಳಿದ ಸೂ ರೆಕಾರ್ಡ್ಸ್ ಕಂಪನಿಯ ಮಾಲೀಕ ಜಗ್ಗಿ ಮರ್ರೆ, ಹುಡುಗಿಯ ಧ್ವನಿ ಹಾಗೆಯೇ ಇರಲಿ ಎಂದು ಪಟ್ಟು ಹಿಡಿದ. ಅಳಿಸಿಹೋಗಬೇಕಾಗಿದ್ದ ಧ್ವನಿ ಅಮೆರಿಕದಾದ್ಯಂತ ಕೇಳಿಸಿತು. ಅವಳಿಗೆ ಆಗ ಇಪ್ಪತ್ತು ವರ್ಷ.

ಆ ರೆಕಾರ್ಡಿನ ಮೇಲೆ ಅವಳ ಹೆಸರು ಇರಲಿಲ್ಲ. ‘ಐಕ್ ಅಂಡ್ ಟೀನಾ ಟರ್ನರ್’ ಎಂದು ಅಚ್ಚಾಗಿತ್ತು. ಟೀನಾ ಯಾರು? ಕಾಡಿನ ರಾಣಿ ಶೀನಾ ಎಂಬ ಚಿತ್ರಕಥೆಯ ನಾಯಕಿಯ ಹೆಸರಿಗೆ ಪ್ರಾಸವಾಗುವಂತೆ ಐಕ್ ಇಟ್ಟ ಹೆಸರು. ಇಟ್ಟದ್ದಷ್ಟೇ ಅಲ್ಲ, ಅದನ್ನು ಟ್ರೇಡ್‌ಮಾರ್ಕ್ ಆಗಿ ತನ್ನ ಹೆಸರಿಗೆ ನೋಂದಾಯಿಸಿಕೊಂಡ. ಇವಳು ಬಿಟ್ಟು ಹೋದರೆ ಇನ್ನೊಬ್ಬಳನ್ನು ತಂದು ‘ಟೀನಾ’ ಎಂದು ನಿಲ್ಲಿಸಬಹುದಲ್ಲ! ಮದುವೆಯಲ್ಲಿ ಹೆಸರು ಬದಲಾಯಿಸುವ ಪದ್ಧತಿ ನಮ್ಮಲ್ಲೂ ಕೆಲವು ಮನೆತನಗಳಲ್ಲಿ ಇದೆ. ಅಕ್ಕಿಯ ಮೇಲೆ ಉಂಗುರದಿಂದ ಬರೆಸುತ್ತಾರೆ. ಆದರೆ ಹೆಂಡತಿಯ ಹೆಸರನ್ನು ಅಂಗಡಿಯ ಬೋರ್ಡಿನಂತೆ ನೋಂದಾಯಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಮುಂದಿನ ಹದಿನಾರು ವರ್ಷದ ಕಥೆಯನ್ನು ಅವಳೇ 1986ರಲ್ಲಿ ಬಂದ ‘ಐ, ಟೀನಾ’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ರಾತ್ರಿ ವೇದಿಕೆಯ ಮೇಲೆ ಕುಣಿತ, ಅದರ ಹಿಂದೆ ಮುಂದೆ ಹೊಡೆತ. 1968ರಲ್ಲಿ ನಿದ್ರೆ ಗುಳಿಗೆ ನುಂಗಿ ಸಾಯಲು ಹೋಗಿದ್ದಳು. ಅವಳ ಪ್ರದರ್ಶನ ನೋಡಿ ಕೇಕೆ ಹಾಕಿದವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು? ಗೊತ್ತಿದ್ದವರು ಗೋಷ್ಠಿಯಲ್ಲೇ ಇದ್ದರು, ಅವರೂ ಸುಮ್ಮನಿದ್ದರು. ಈ ಸುಮ್ಮನಿರುವಿಕೆಯ ಪರಿಚಯ ನಮಗಿಲ್ಲದೇ ಇಲ್ಲ; ಪಕ್ಕದ ಮನೆಯ ಗೋಡೆಯಾಚೆಯಿಂದ ಸದ್ದು ಬಂದಾಗ ನಾವು ರೇಡಿಯೋದ ದನಿ ಏರಿಸುತ್ತೇವೆ.

ಈ ನಡುವೆ ನಡೆದ ಒಂದು ಸಂಗತಿ ನಮ್ಮ ವಿಷಯಕ್ಕೆ ಸಂಬಂಧಿಸಿದ್ದು. 1966ರಲ್ಲಿ ಫಿಲ್ ಸ್ಪೆಕ್ಟರ್ ಎಂಬ ನಿರ್ಮಾಪಕ ‘ರಿವರ್ ಡೀಪ್, ಮೌಂಟನ್ ಹೈ’ ಎಂಬ ಹಾಡನ್ನು ಅವಳಿಂದ ಹಾಡಿಸಿದ. ಐಕ್ ಸ್ಟುಡಿಯೋಗೆ ಕಾಲಿಡದಿರಲೆಂದು ಅವನಿಗೆ 20,000 ಡಾಲರ್ ಕೊಟ್ಟನಂತೆ. ಅಮೆರಿಕದಲ್ಲಿ ಆ ಹಾಡು ನೆಲಕಚ್ಚಿತು. ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನಕ್ಕೆ ಏರಿತು. ತವರಿನವರು ಮರೆತರೂ ದೂರದ ಆ ದೇಶದ ಹುಡುಗರು ಅವಳ ಕಂಠವನ್ನು ಮರೆಯಲಿಲ್ಲ. ಆಗ ವೇರ್ ಮತ್ತು ಮಾರ್ಷ್ ಹತ್ತು ವರ್ಷದ ಬಾಲಕರು.

1976ರ ಜುಲೈ ಆರಂಭದಲ್ಲಿ ಟೆಕ್ಸಸ್‌ನ ಡಾಲಸ್ ನಗರ. ವಿಮಾನ ನಿಲ್ದಾಣದಿಂದ ಹೋಟೆಲಿಗೆ ಹೋಗುವ ಕಾರಿನಲ್ಲಿ ಮತ್ತೆ ಹೊಡೆತ. ಅಂದು ಅವಳೂ ತಿರುಗಿ ಹೊಡೆದಳು. ಹೋಟೆಲಿನಲ್ಲಿ ಅವನು ನಿದ್ದೆ ಹೋದ ಮೇಲೆ ಒಂದು ಕೈಚೀಲ ಹಿಡಿದು ಹೊರಟಳು. ವಾಹನಗಳು ಧಾವಿಸುವ ಹೆದ್ದಾರಿಯನ್ನು ಓಡಿ ದಾಟಿ ಎದುರಿನ ಇನ್ನೊಂದು ಹೋಟೆಲು ಸೇರಿದಳು. ಬಳಿ ಇದ್ದದ್ದು 36 ಸೆಂಟ್ ಮತ್ತು ಪೆಟ್ರೋಲ್ ಹಾಕಿಸುವ ಒಂದು ಕಾರ್ಡು. ರಕ್ತದ ಕಲೆಯ ಬಟ್ಟೆಯಲ್ಲಿ ಬಂದ ಈ ಹೆಂಗಸಿಗೆ ಅಲ್ಲಿನ ಮ್ಯಾನೇಜರ್ ಕೋಣೆ ಕೊಟ್ಟ.

1978ರಲ್ಲಿ ವಿಚ್ಛೇದನ ಆಯಿತು. ಅವಳು ಆಸ್ತಿ ಕೇಳಲಿಲ್ಲ, ಹಾಡುಗಳಿಂದ ಬರುವ ಹಣವನ್ನೂ ಪಟ್ಟುಹಿಡಿದು ಕೇಳಲಿಲ್ಲ. ಕೇಳಿದ್ದು ಹೆಸರನ್ನು. ಟೀನಾ ಟರ್ನರ್ ಎಂಬ, ಅವನೇ ಇಟ್ಟು ಅವನೇ ನೋಂದಾಯಿಸಿದ್ದ ಹೆಸರು ಈಗ ಅವಳದಾಯಿತು. ಹುಟ್ಟುಹೆಸರಿಗೆ ಹಿಂದಿರುಗದೆ ಅದನ್ನೇ ಏಕೆ ಕೇಳಿದಳು ಎಂದು ಮೊದಲ ಸಲ ಓದಿದಾಗ ಯೋಚಿಸಿದೆ. ಹದಿನಾರು ವರ್ಷದ ದುಡಿಮೆಯೆಲ್ಲ ಆ ಹೆಸರಿನಲ್ಲಿ ಇತ್ತು. ಅದನ್ನು ಅವನ ಬಳಿ ಬಿಟ್ಟು ಬಂದಿದ್ದರೆ ಗಂಟನ್ನೇ ಬಿಟ್ಟು ಬಂದ ಹಾಗಾಗುತ್ತಿತ್ತು.

ಹೆಸರಿನ ಜೊತೆಗೆ ಸಾಲವೂ ಬಂತು. ಅವಳು ಓಡಿಬಂದದ್ದರಿಂದ ನಿಂತುಹೋದ ಕಾರ್ಯಕ್ರಮಗಳ ನಷ್ಟವೆಲ್ಲ ಅವಳ ತಲೆಗೆ. ಸಾಕಬೇಕಾದ ಗಂಡುಮಕ್ಕಳು ನಾಲ್ವರು, ಅವರಲ್ಲಿ ಇಬ್ಬರು ಐಕ್‌ನ ಮೊದಲಿನ ಸಂಸಾರದವರು. ಗೆಳತಿಯರ ಮನೆಯಲ್ಲಿ ಉಳಿದು, ಅವರ ಮನೆ ಗುಡಿಸಿ ಒರೆಸಿ ಋಣ ತೀರಿಸಿದಳು. ಸರ್ಕಾರ ಬಡವರಿಗೆ ಕೊಡುವ ಆಹಾರದ ಕೂಪನ್ ಪಡೆದಳು. ಆಮೇಲೆ ಲಾಸ್ ವೇಗಸ್‌ನ ಹೋಟೆಲುಗಳಲ್ಲಿ, ಊಟ ಮಾಡುತ್ತ ಕುಳಿತವರ ಮುಂದೆ ಹಾಡು, ಕುಣಿತ. ಟಿ.ವಿ.ಯ ಆಟದ ಕಾರ್ಯಕ್ರಮಗಳಲ್ಲಿ ಒಂದು ಕುರ್ಚಿ. ಹಾಡುವ ಅವಕಾಶಕ್ಕಂತೂ ಕೊರತೆಯಿಲ್ಲ. ಆದರೆ ಅದು ಹಳೆಯ ಹೆಸರನ್ನು ಮಾರಿ ಹೊಟ್ಟೆ ಹೊರೆಯುವ ಕೆಲಸ. 1980ರಲ್ಲಿ ರೋಜರ್ ಡೇವಿಸ್ ಎಂಬ ಆಸ್ಟ್ರೇಲಿಯಾದವನು ಅವಳ ಮ್ಯಾನೇಜರ್ ಆದ. ಹೊಸ ರೆಕಾರ್ಡಿಗಾಗಿ ಕಂಪನಿಗಳ ಬಾಗಿಲು ಬಡಿದ. ತೆರೆದವರು ಯಾರೂ ಇಲ್ಲ.

ಇಂಥ ಹೊತ್ತಿನಲ್ಲಿ ಷೆಫೀಲ್ಡಿನ ಹುಡುಗರ ಕರೆ ಬಂತು. ದೊಡ್ಡ ಕರಾರಿಲ್ಲ, ಒಂದೇ ಹಾಡು, ಅದೂ ಇನ್ನೊಬ್ಬರು ಬಾರದ ಜಾಗಕ್ಕೆ.

ವೇರ್ ಮುಂದೆ ಎಷ್ಟೋ ಸಲ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. ಸ್ಟುಡಿಯೋಗೆ ಬಂದ ಟೀನಾ ಸುತ್ತ ನೋಡಿ, ಬ್ಯಾಂಡ್ ಎಲ್ಲಿ ಎಂದು ಕೇಳಿದಳಂತೆ. ಅವಳು ಅಲ್ಲಿಯವರೆಗೆ ಹಾಡಿದ್ದೆಲ್ಲ ಮನುಷ್ಯರ ನಡುವೆ, ತುತ್ತೂರಿ ಊದುವವರು, ಡ್ರಮ್ಮು ಬಡಿಯುವವರು, ಬೆವರು, ಬೈಗುಳ ಎಲ್ಲದರ ನಡುವೆ. ಅವರು ಮೂಲೆಯಲ್ಲಿದ್ದ ಯಂತ್ರವನ್ನು ತೋರಿಸಿದರು. ಇದನ್ನು ಹಾಸ್ಯವೆಂದೇ ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬ್ಯಾಂಡ್ ಎಂದರೆ ಅವಳ ಪಾಲಿಗೆ ಹದಿನಾರು ವರ್ಷ ಐಕ್‌ನ ಬ್ಯಾಂಡ್ ಆಗಿತ್ತು. ಯಂತ್ರದ ಹಿಂದೆ ಯಾವ ಯಜಮಾನನೂ ನಿಂತಿರಲಿಲ್ಲ. ಇದ್ದವರು ತನಗಿಂತ ಹದಿನೇಳು ವರ್ಷ ಚಿಕ್ಕವರಾದ ಇಬ್ಬರು ಹುಡುಗರು, ಅವಳ ಹಳೆಯ ರೆಕಾರ್ಡುಗಳನ್ನು ಕೇಳಿ ಬೆಳೆದವರು.

ಹಾಡನ್ನು ಈಗ ಫೋನಿನಲ್ಲೇ ಕೇಳಬಹುದು. ತಾಳ ಅಳತೆಕೋಲಿಟ್ಟು ಕೊಯ್ದ ಹಾಗೆ ಬೀಳುತ್ತದೆ, ಒಂದಿಷ್ಟೂ ಹಿಂದೆ ಮುಂದೆ ಆಗುವುದಿಲ್ಲ. ಅದರ ಮೇಲೆ ಈ ಕಂಠ. ಸಣ್ಣ ದನಿಯಲ್ಲ, ಇಂಪೂ ಅಲ್ಲ; ಕಲ್ಲಿನ ಮೇಲೆ ಕುಡುಗೋಲು ಮಸೆದಂತೆ ಇದೆ. ಟೆಂಪ್ಟೇಷನ್ಸ್ ಹಾಡಿದಾಗ ಹಲವು ಗಂಡಸರು ಒಬ್ಬರ ಬಾಯಿಂದ ಒಬ್ಬರು ಸಾಲು ಕಿತ್ತುಕೊಂಡಂತೆ ಹಂಚಿಕೊಂಡು ಹಾಡಿದ್ದರು. ಇವಳು ಒಬ್ಬಳೇ ಅಷ್ಟನ್ನೂ ಹಾಡುತ್ತಾಳೆ. ತಣ್ಣಗಿನ ಯಂತ್ರಕ್ಕೆ ಅಂಥ ಕಂಠ ಬೇಕಾಗಿತ್ತು ಎಂದು ಕೇಳಿದವರಿಗೆ ತಿಳಿಯುತ್ತದೆ. ಆ ಕಂಠಕ್ಕೂ ಯಂತ್ರದಿಂದ ಒಂದು ಉಪಕಾರವಾಯಿತು: ಹಳೆಯ ಕಾಲದ ಗಾಯಕಿ ಎಂಬ ಮಾತು ಅಲ್ಲಿಗೆ ನಿಂತಿತು. 1982ರಲ್ಲಿ ಅದಕ್ಕಿಂತ ಹೊಸ ಸದ್ದು ಇರಲಿಲ್ಲ.

ಉಳಿದ ಅತಿಥಿಗಳಲ್ಲಿ ನನಗೆ ಹತ್ತಿರವಾದವಳು ಸ್ಯಾಂಡಿ ಶಾ. ಡ್ಯಾಗನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಬರಿಗಾಲಲ್ಲಿ ನಿಂತು ಹಾಡಿ 1964ರಲ್ಲಿ ಪ್ರಸಿದ್ಧಳಾದಳು. 1967ರಲ್ಲಿ ಯುರೋವಿಷನ್ ಸ್ಪರ್ಧೆಯನ್ನು ಬ್ರಿಟನ್ನಿಗೆ ಮೊದಲ ಬಾರಿ ಗೆದ್ದುಕೊಟ್ಟ ‘ಪಪೆಟ್ ಆನ್ ಎ ಸ್ಟ್ರಿಂಗ್’ ಅವಳದೇ. ಸೂತ್ರದ ಬೊಂಬೆ ಎಂದು ಅರ್ಥ. ಆ ಹಾಡು ತನಗೆ ಹಿಡಿಸುವುದೇ ಇಲ್ಲ ಎಂದು ಜೀವಮಾನವಿಡೀ ಹೇಳಿಕೊಂಡು ಬಂದಿದ್ದಾಳೆ, ಪಾಪ! ಎಪ್ಪತ್ತರ ದಶಕದ ಬಹುಪಾಲು ಅವಳು ಹಾಡಿನ ಲೋಕದಿಂದ ದೂರವೇ ಉಳಿದಿದ್ದಳು. ಈ ಎಲ್‌ಪಿಯಲ್ಲಿ ‘ಎನಿವನ್ ಹೂ ಹ್ಯಾಡ್ ಎ ಹಾರ್ಟ್’ ಹಾಡಿದ್ದಾಳೆ. ಎರಡು ವರ್ಷದ ಮೇಲೆ 1984ರಲ್ಲಿ ದಿ ಸ್ಮಿತ್ಸ್ ಎಂಬ ಹೊಸ ಹುಡುಗರ ತಂಡವೂ ಅವಳನ್ನು ಕರೆದು ಹಾಡಿಸಿತು. ಕಾಕತಾಳೀಯವೋ ಏನೋ, ಟೀನಾ ಮತ್ತು ಸ್ಯಾಂಡಿ ಇಬ್ಬರೂ ಜಪಾನಿನ ನಿಚಿರೆನ್ ಬೌದ್ಧ ಪಂಥದವರಾಗಿದ್ದರು. ಸದ್ಧರ್ಮಪುಂಡರೀಕ ಸೂತ್ರದ ಹೆಸರನ್ನೇ ಮಂತ್ರವಾಗಿ ಜಪಿಸುವ ಪಂಥ ಅದು. ಆ ಮಂತ್ರದ ಮೊದಲ ಶಬ್ದ ನಮ್ಮ ‘ನಮಃ’ ಎಂಬುದೇ. ಐಕ್‌ನ ಮನೆಯಲ್ಲಿ ಇದ್ದಾಗಲೇ ಟೀನಾ ಅದನ್ನು ಹಿಡಿದಿದ್ದಳು.

ಐರಿಷ್ ಮೂಲದ ನೋಲನ್ ಸೋದರಿಯರಲ್ಲಿ ಒಬ್ಬಳಾದ ಬರ್ನಿ ನೋಲನ್ ಒಂದು ಹಾಡು ಹಾಡಿದ್ದಾಳೆ. ಅಕ್ಕತಂಗಿಯರ ಗುಂಪಿನಿಂದ ಹೊರಬಂದು ಒಬ್ಬಳೇ ಹಾಡಿದ್ದು ಕೇಳಲು ಚೆನ್ನಾಗಿದೆ. ಸ್ತನ ಕ್ಯಾನ್ಸರಿನಿಂದ 2013ರಲ್ಲಿ ತೀರಿಕೊಂಡಳು. ಸ್ಕಾಟ್‌ಲೆಂಡಿನ ಬಿಲ್ಲಿ ಮೆಕೆಂಜಿಯದು ಎರಡು ಹಾಡು, ಎಂಥ ಕಂಠ! ಗ್ಲೆನ್ ಗ್ರೆಗರಿಯದೂ ಎರಡು. ಟಿ.ವಿ. ನಿರೂಪಕಿ ಪೌಲಾ ಯೇಟ್ಸ್ ಹಾಡಿದ್ದಾಳೆ, ಹಾಡಿದ್ದಾಳೆ ಎಂದಷ್ಟೇ ಹೇಳಬಹುದು. ಪಾಲ್ ಜೋನ್ಸ್ ಎಂಬ ಅರವತ್ತರ ದಶಕದ ಗಾಯಕನೂ ಇದ್ದಾನೆ. ಇನ್ನೊಂದು ಹಾಡು ಗ್ಯಾರಿ ಗ್ಲಿಟರ್‌ನದು. ಎಳೆಯ ಮಕ್ಕಳ ಮೇಲಿನ ಅಪರಾಧಗಳಿಗಾಗಿ ಅವನು ಮುಂದೆ ವಿಯೆಟ್ನಾಂನಲ್ಲೂ ಬ್ರಿಟನ್ನಿನಲ್ಲೂ ಜೈಲು ಸೇರಿದ. 2015ರಲ್ಲಿ ಅವನಿಗಾದ ಶಿಕ್ಷೆ ಹದಿನಾರು ವರ್ಷ. ಮೂವತ್ತು ವರ್ಷ ಮಕ್ಕಳ ನಡುವೆಯೇ ಕಳೆದ ನಾನು ಆ ಹಾಡು ಬಂದಾಗ ಮುಂದಕ್ಕೆ ಓಡಿಸುತ್ತೇನೆ. ಹಾಡು ಬೇರೆ, ಹಾಡಿದವನು ಬೇರೆ ಎಂಬ ವಾದ ನನಗೆ ಗೊತ್ತಿದೆ. ಅದನ್ನು ಮಾಡುವವರು ಮಾಡಲಿ.

ಎಲ್‌ಪಿಯಿಂದ ಟೀನಾಳ ಸಾಲ ತೀರಲಿಲ್ಲ, ಆದರೆ ಪರಿಚಯ ಉಳಿಯಿತು. 1983ರಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ಕಂಪನಿಯೊಂದಿಗೆ ಕರಾರು ಆಗಿದ್ದರೂ ಅಲ್ಲಿನವರಿಗೆ ಅವಳ ಮೇಲೆ ಅಷ್ಟಕ್ಕಷ್ಟೇ ನಂಬಿಕೆ. ಆ ವರ್ಷ ನ್ಯೂಯಾರ್ಕಿನಲ್ಲಿ ಅದೇ ಕಂಪನಿಯ ದೊಡ್ಡವರು ಗಾಯಕ ಡೇವಿಡ್ ಬೋವಿಯನ್ನು ಸತ್ಕರಿಸುತ್ತಿದ್ದಾಗ, ಇಂದು ರಾತ್ರಿ ನನ್ನ ಮೆಚ್ಚಿನ ಗಾಯಕಿಯ ಕಾರ್ಯಕ್ರಮವಿದೆ, ಅಲ್ಲಿಗೆ ಹೋಗುತ್ತೇನೆ ಎಂದನಂತೆ. ದೊಡ್ಡವರೂ ಹಿಂದೆಯೇ ಹೋದರು. ನಮ್ಮ ಮನೆಯ ಸೊಸೆಯ ಅಡುಗೆಯನ್ನು ಅತಿಥಿ ಹೊಗಳಿದ ಮೇಲೆ ಮನೆಯವರು ರುಚಿ ನೋಡುವುದಿಲ್ಲವೇ, ಅದೇ ಕಥೆ.

ಹಾಡು ಮಾಡುವ ಹೊತ್ತು ಬಂದಾಗ ಅವಳು ನಡೆದದ್ದು ವೇರ್‌ನ ಬಳಿಗೆ. ಆಲ್ ಗ್ರೀನ್ ಎಂಬುವನು ಹತ್ತಾರು ವರ್ಷದ ಹಿಂದೆ ಹಾಡಿದ್ದ ‘ಲೆಟ್ಸ್ ಸ್ಟೇ ಟುಗೆದರ್’ ಅನ್ನು ವೇರ್ ಮತ್ತು ಗ್ರೆಗ್ ವಾಲ್ಷ್ ಅವಳಿಗಾಗಿ ಕಟ್ಟಿದರು. ಜೊತೆಯಾಗಿಯೇ ಇರೋಣ ಎಂಬರ್ಥದ ಹಾಡು. ಮನೆಬಿಟ್ಟು ಬಂದವಳ ಬಾಯಲ್ಲಿ! ತಾಳವಿಲ್ಲದೆ, ಸಿಂಥಸೈಜರಿನ ಮೆಲ್ಲನೆಯ ಶ್ರುತಿಯ ಮೇಲೆ ಅವಳ ಕಂಠ ಶುರುವಾಗುತ್ತದೆ, ತಾಳ ನಿಧಾನವಾಗಿ ಬಂದು ಸೇರಿಕೊಳ್ಳುತ್ತದೆ. ಒಂದೇ ಸಲಕ್ಕೆ ಹಾಡಿ ಮುಗಿಸಿದಳು ಎಂದು ವೇರ್ ಹೇಳಿದ್ದಾನೆ. 1983ರ ನವೆಂಬರಿನಲ್ಲಿ ಬಿಡುಗಡೆಯಾಗಿ ಬ್ರಿಟನ್ನಿನಲ್ಲಿ ಆರನೆಯ ಸ್ಥಾನಕ್ಕೆ ಬಂತು. ಆಗ ಅಮೆರಿಕದ ಕಂಪನಿಗೆ ಎಚ್ಚರವಾಗಿ, ಬೇಗ ಒಂದು ಇಡೀ ಎಲ್‌ಪಿ ಮಾಡಿಕೊಡಿ ಎಂದು ಅವಸರಿಸಿತು. ಲಂಡನ್ನಿನಲ್ಲಿ ಎರಡು ವಾರದ ಆಸುಪಾಸಿನಲ್ಲಿ ಹಲವು ನಿರ್ಮಾಪಕರು ಸೇರಿ ಮಾಡಿಮುಗಿಸಿದ್ದೇ ‘ಪ್ರೈವೇಟ್ ಡಾನ್ಸರ್’. 1984ರ ಮೇ ತಿಂಗಳಲ್ಲಿ ಬಂತು, ಒಂದು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಅದರ ‘ವಾಟ್ಸ್ ಲವ್ ಗಾಟ್ ಟು ಡೂ ವಿತ್ ಇಟ್’ ಹಾಡು, ಅವಳಿಗೆ ಮೊದಲು ಹಿಡಿಸದೇ ಇದ್ದ ಹಾಡು, ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅವಳಿಗೆ ನಲವತ್ತನಾಲ್ಕು. 1985ರ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಮೂರು ಅವಳ ಕೈಸೇರಿದವು. 1988ರ ಜನವರಿಯಲ್ಲಿ ಬ್ರೆಜಿಲಿನ ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಅವಳನ್ನು ಕೇಳಲು ನೆರೆದವರು ಸುಮಾರು 1,80,000 ಜನ. ಇದೆಲ್ಲ ಎಲ್ಲರೂ ಬರೆದಿರುವ ಭಾಗ, ಹೆಚ್ಚು ಬೆಳೆಸುವುದಿಲ್ಲ.

ಹಾಡನ್ನು ಬಿಟ್ಟುಬಿಟ್ಟ ಹೆಂಗಸರು ನಮ್ಮ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ. ಕಾಲೇಜಿನಲ್ಲಿ ಭಾವಗೀತೆಗೆ ಬಹುಮಾನ ಪಡೆದವಳು ಮದುವೆಯ ನಂತರ ಆರತಿಯ ಹಾಡಿಗೆ ಇಳಿಯುತ್ತಾಳೆ, ಆಮೇಲೆ ಜೋಗುಳಕ್ಕೆ, ಆಮೇಲೆ ಅದೂ ಇಲ್ಲ. ನಲವತ್ತೈದರಲ್ಲಿ ಯಾರಾದರೂ ಕರೆದರೆ, ಈಗೇನು ಹಾಡುವುದು, ಗಂಟಲು ಹೋಗಿದೆ ಎನ್ನುತ್ತಾಳೆ. ಗಂಟಲು ಹೋಗಿರುವುದಿಲ್ಲ, ಕರೆಯುವವರು ಹೋಗಿರುತ್ತಾರೆ. ಟೀನಾಳ ಸಾಹಸವನ್ನು ಹೊಗಳುವವರು ಅವಳ ಛಲವೊಂದನ್ನೇ ಹೇಳುತ್ತಾರೆ. ಛಲ ಇತ್ತು, ಇಲ್ಲದೆ ಆ ಹೆದ್ದಾರಿ ದಾಟುತ್ತಿರಲಿಲ್ಲ. ಆದರೆ 1976ರಿಂದ 1981ರವರೆಗೆ ಛಲ ಇದ್ದೂ ಅವಳು ಹೋಟೆಲುಗಳಲ್ಲೇ ಹಾಡಿದಳು. ಒಂದು ಹಾಡಿಗಾಗಿ ಕರೆದವರು ಇದ್ದರು ಎಂಬುದನ್ನೂ ಬರೆದಿಡಬೇಕು.

1991ರಲ್ಲಿ ವೇರ್ ಎರಡನೆಯ ಸಂಪುಟ ಮಾಡಿದ. ಆಗ ಟೀನಾ ಜಗತ್ತಿನ ಅತಿ ದೊಡ್ಡ ತಾರೆಯರಲ್ಲಿ ಒಬ್ಬಳು. ಇನ್ನೊಬ್ಬರ ಎಲ್‌ಪಿಗೆ ಅತಿಥಿಯಾಗಿ ಬರುವ ಅಗತ್ಯವೇ ಇರಲಿಲ್ಲ. ಬಂದಳು. ಸ್ಯಾಮ್ ಕುಕ್ ಬರೆದ ‘ಎ ಚೇಂಜ್ ಈಸ್ ಗೊನ್ನ ಕಮ್’ ಹಾಡಿದಳು. ಚಾಕಾ ಖಾನ್, ಮೇವಿಸ್ ಸ್ಟೇಪಲ್ಸ್, ಲೇಲಾ ಹ್ಯಾಥವೇ ಮುಂತಾದ ಗಾಯಕಿಯರ ಸಾಲಿನಲ್ಲಿ ಅವಳದೂ ಒಂದು ಹೆಸರು, ಒಂದೇ ಹಾಡು. ಈ ಸಲ ಯಾರೂ ಬಾರದ ಜಾಗವಾಗಿರಲಿಲ್ಲ.

ಮೂರನೆಯ ಸಂಪುಟ ‘ಡಾರ್ಕ್’ ಬಂದದ್ದು 2013ರಲ್ಲಿ. ಅಷ್ಟರಲ್ಲಿ ಟೀನಾ ವೇದಿಕೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಅದೇ ವರ್ಷ ಅವಳು ಸ್ವಿಟ್ಜರ್ಲೆಂಡಿನ ಪೌರಳಾದಳು, ಬಹುಕಾಲದ ಜೊತೆಗಾರ ಎರ್ವಿನ್ ಬಾಖ್‌ನನ್ನು ಮದುವೆಯಾದಳು. ಮುಂದೆ 2017ರಲ್ಲಿ ಅವಳ ಮೂತ್ರಪಿಂಡ ಕೈಕೊಟ್ಟಾಗ ತನ್ನದೊಂದನ್ನು ಕೊಟ್ಟವನೂ ಅವನೇ; 2023ರ ಮೇ 24ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ, ಜ್ಯೂರಿಕ್ ಸರೋವರದ ದಡದ ಕ್ಯೂಸ್‌ನಾಖ್ಟ್ ಊರಿನ ಮನೆಯಲ್ಲಿ ಅವಳು ತೀರಿಕೊಂಡಳು. ‘ಡಾರ್ಕ್’ನಲ್ಲಿ ಅವಳ ಹಾಡು ಇಲ್ಲ. ಸ್ಯಾಂಡಿ ಶಾಳದು ಇದೆ. ಆಗ ಅವಳಿಗೆ ಅರವತ್ತಾರು.